ಒಳಗೊಂದು ಆಂಟೆನಾ, ಹೊರಗೊಂದು

ಈ ಕತೆಯನ್ನು ನನಗೆ ಮೊದಲು ಹೇಳಿದವರು ಹಿಟ್ಟಿನ ಗಿರಣಿಯ ಕೊಟ್ರಯ್ಯನವರು. ಅವರು ನಿರ್ವಾಣಯ್ಯ ಗುರುಗಳ ಮುಂದೆ ಕುಳಿತು ಕೇಳಿದ್ದು. ಕೇಳಿದ್ದನ್ನು ಕೇಳಿದಂತೆ ಬರೆಯುತ್ತೇನೆ.

ಹಾಲಪ್ಪನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಅಪ್ಪಾರೇ, ತಮ್ಮನೂ ನಾನೂ ಬೇರೆಯಾದೆವು. ಹೆಂಡತಿ ಮಾತು ಕೇಳಿ ತಮ್ಮನನ್ನು ಹೊರಗೆ ಹಾಕಿದ ಅಂತಾರೆ ಊರವರು. ನೀರಿರುವ ಹೊಲ ತಾನೇ ನುಂಗಿದ ಅಂತಾರೆ. ಎರಡೂ ಸುಳ್ಳು. ಆದರೂ ಒಳಗೆ ಏನೋ ಕುಟುಕುತ್ತದೆ. ಇದು ಊರ ಬಾಯಿಯ ಅಂಜಿಕೆಯೋ, ನನ್ನ ಆತ್ಮಸಾಕ್ಷಿಯೋ? ಎರಡನ್ನೂ ಬೇರೆ ಮಾಡುವುದು ಹೇಗೆ?"

ಗುರುಗಳು ಹೇಳಿದರು.

ಒಂದು ಊರಿನ ಹೊರಗೆ ವಿದ್ಯುತ್ ಕೇಂದ್ರವಿತ್ತು. ಅಲ್ಲಿ ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್. ಅದರ ಹೊಟ್ಟೆಯೊಳಗೆ ತಾಮ್ರದ ತಂತಿ, ತಂತಿಗೆ ಸುತ್ತಿದ ಕಾಗದ, ಕಾಗದ ಮುಳುಗುವಷ್ಟು ಎಣ್ಣೆ. ಕರೆಂಟನ್ನು ಅಂಕೆಯಲ್ಲಿ ಇಡುವುದು ಆ ಕಾಗದ. ಕಾಗದದಲ್ಲಿ ಎಲ್ಲೋ ಒಂದು ಗಾಳಿಗುಳ್ಳೆ ಉಳಿದರೆ ಅಲ್ಲಿ ಕಿಡಿ ಹುಟ್ಟುತ್ತದೆ. ಸಾಸಿವೆಗಿಂತ ಸಣ್ಣ ಕಿಡಿ. ಕಿವಿಗೆ ಕೇಳದು, ಮೂಗಿಗೆ ಹತ್ತದು. ದಿನವೂ ಅಷ್ಟಷ್ಟೇ ಕಾಗದವನ್ನು ತಿನ್ನುತ್ತದೆ. ತಿಂದು ಮುಗಿದ ದಿನ ಟ್ರಾನ್ಸ್‌ಫಾರ್ಮರ್ ಸಿಡಿಯುತ್ತದೆ. ಹತ್ತಿರ ಇದ್ದವರು ಉಳಿಯುವುದಿಲ್ಲ.

ಕೇಂದ್ರವನ್ನು ನೋಡಿಕೊಳ್ಳುವ ಎಂಜಿನಿಯರನಿಗೆ ಇದೇ ಅಂಜಿಕೆ. ಅವನ ಕೈಕೆಳಗಿನ ಜನ ಹಗಲಿಡೀ ಅದರ ಪಕ್ಕದಲ್ಲೇ ಓಡಾಡುವವರು. ಅವನು ಒಂದು ಆಂಟೆನಾ ತರಿಸಿ, ಎಣ್ಣೆ ಬಿಡುವ ಕವಾಟದ ದಾರಿಯಲ್ಲಿ ಒಳಗೆ ಇಳಿಸಿದ. ಕಿಡಿ ಹುಟ್ಟಿದರೆ ಅದರಿಂದ ರೇಡಿಯೋ ಅಲೆ ಏಳುತ್ತದೆ. ಆಂಟೆನಾ ಆ ಅಲೆಯನ್ನು ಹಿಡಿದು ಎಂಜಿನಿಯರನ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ.

ಮೊದಲ ದಿನವೇ ಗಂಟೆ ಬಾರಿಸಿತು. ಎಂಜಿನಿಯರ ಊರಿನ ಕರೆಂಟು ನಿಲ್ಲಿಸಿದ. ಎಣ್ಣೆ ಇಳಿಸಿ, ಕಣ್ಣಿಗೆ ಕಂಡಷ್ಟು ಹುಡುಕಿಸಿದ. ಏನೂ ಸಿಗಲಿಲ್ಲ. ಕತ್ತಲಲ್ಲಿ ಕುಳಿತ ಊರು ಅವನನ್ನು ಬೈಯಿತು. ಮೇಲಧಿಕಾರಿ, "ಇನ್ನೊಮ್ಮೆ ಸುಮ್ಮಸುಮ್ಮನೆ ನಿಲ್ಲಿಸಿದರೆ ಈ ಕುರ್ಚಿಯಲ್ಲಿ ನೀನಿರುವುದಿಲ್ಲ" ಎಂದ.

ಮತ್ತೆ ಎಣ್ಣೆ ತುಂಬಿ ಚಾಲೂ ಮಾಡಿದರು. ಗಂಟೆ ಮತ್ತೆ ಶುರುವಾಯಿತು. ಹೊತ್ತು ಗೊತ್ತು ಇಲ್ಲ. ಕೆಲಸದವರು ಅದಕ್ಕೆ ಅತ್ತೆಮ್ಮ ಎಂದು ಹೆಸರಿಟ್ಟರು.

"ಸಾಹೇಬ್ರ, ಅತ್ತೆಮ್ಮ ಮತ್ತ ಗೊಣಗಾಕ ಹತ್ಯಾಳ. ಹೋಗಿ ಕಾಲು ಒತ್ತಿ ಬರ್ಲೇನ್ರಿ?" ಎಂದ ಒಬ್ಬ.

"ದೃಷ್ಟಿ ಆಗೈತ್ರಿ. ಒಂದು ನಿಂಬೆಹಣ್ಣು ಕಟ್ಟೂಣು" ಎಂದ ಇನ್ನೊಬ್ಬ.

ಎಂಜಿನಿಯರನೂ ಮನುಷ್ಯ. ಒಂದು ಬೆಳಿಗ್ಗೆ ಗಂಟೆಯ ತಿರುಪು ತಿರುಗಿಸಿ ಅದರ ಕಿವಿ ಮಂದ ಮಾಡಿದ, ದೊಡ್ಡ ಅಲೆಗೆ ಮಾತ್ರ ಬಾರಿಸಲಿ ಎಂದು. ಅತ್ತೆಮ್ಮ ಮೆತ್ತಗಾದಳು. ಎಲ್ಲರೂ ನೆಮ್ಮದಿಯಾಗಿ ಚಹಾ ಕುಡಿದರು.

ಮಧ್ಯಾಹ್ನ ಗಂಟೆ ಬಾರಿಸಿತು. ಎಂಜಿನಿಯರ ಕಿಟಕಿಯಿಂದ ನೋಡಿದ. ರಸ್ತೆಯಾಚೆಯ ವೆಲ್ಡಿಂಗ್ ಅಂಗಡಿಯಲ್ಲಿ ಕಿಡಿ ಹಾರುತ್ತಿತ್ತು. ವೆಲ್ಡಿಂಗ್ ನಿಂತಿತು, ಗಂಟೆಯೂ ನಿಂತಿತು. ಹೊರಗಿನ ಅಲೆ, ತಂತಿ ಒಳಹೋಗುವ ಮೇಲಿನ ಪಿಂಗಾಣಿ ಕಂಬಗಳ ದಾರಿಯಲ್ಲಿ ಒಳಗೆ ಇಳಿಯುತ್ತಿದೆ ಎಂದು ಅವನಿಗೆ ಹೊಳೆಯಿತು. ದೊಡ್ಡ ದನಿ ಬೀದಿಯದು, ಒಳಗಿನ ಕಿಡಿಯದು ಸಣ್ಣದು. ತಿರುಪು ತಿರುಗಿಸಿ ಅವನು ಉಳಿಸಿಕೊಂಡದ್ದು ಬೀದಿಯನ್ನು, ಬಾಯಿ ಮುಚ್ಚಿಸಿದ್ದು ಮನೆಯವಳದು.

ತಿರುಪನ್ನು ಮೊದಲಿದ್ದಲ್ಲಿಗೇ ತಂದ. ಇನ್ನೊಂದು ಆಂಟೆನಾ ತರಿಸಿ ಹೊರಗಿನ ಬೇಲಿಕಂಬಕ್ಕೆ ಕಟ್ಟಿದ. ಅದಕ್ಕೂ ಒಂದು ಗಂಟೆ ಇಟ್ಟ.

"ಒಬ್ಬಾಕಿ ಸಾಲಲಿಲ್ಲಂತ ಇನ್ನೊಬ್ಬಾಕಿನ್ನ ತಂದ್ರೇನ್ರಿ ಸಾಹೇಬ್ರ?"

"ಇವಳು ಪಕ್ಕದ ಮನೆಯವಳು" ಎಂದ ಎಂಜಿನಿಯರ. "ಇಬ್ಬರೂ ಒಟ್ಟಿಗೆ ಕೂಗಿದರೆ ಅದು ಬೀದಿ ಜಗಳ. ನೀವು ಏಳಬೇಡಿ. ಅತ್ತೆಮ್ಮ ಒಬ್ಬಳೇ ಕೂಗಿದರೆ ಮನೆಯೊಳಗೆ ಏನೋ ಆಗಿದೆ. ಯಾರೂ ಹತ್ತಿರ ಹೋಗಬೇಡಿ, ನನ್ನನ್ನು ಕರೆಯಿರಿ."

ಬಹಳ ದಿನ ಇಬ್ಬರೂ ಒಟ್ಟಿಗೇ ಕೂಗಿದರು. ಯಾರೂ ಏಳಲಿಲ್ಲ.

ಒಂದು ದಿನ ವೆಲ್ಡಿಂಗ್ ಅಂಗಡಿಯವನು ಊಟಕ್ಕೆ ಹೋಗಿದ್ದ. ಬೇಲಿಯ ಗಂಟೆ ಸುಮ್ಮನಿತ್ತು. ಒಳಗಿನದು ಬಾರಿಸಿತು, ತಂಬಿಗೆಗೆ ಉಗುರು ತಾಗಿದಷ್ಟು. ನಿಂತಿತು. ಮತ್ತೆ ಅಷ್ಟೇ ಮೆಲ್ಲಗೆ ಬಾರಿಸಿತು. ಈ ಸಲ ಯಾರೂ ನಗಲಿಲ್ಲ.

"ಭಾಳ ಸಣ್ಣಗ ಕೂಗ್ಯಾಳಲ್ರಿ" ಎಂದ ಕೆಲಸದವನು. "ಮೇಲಿನವರು ನಿಮ್ಮನ್ನ ಬಿಡಂಗಿಲ್ರಿ."

ಎಂಜಿನಿಯರ ತನ್ನ ಕುರ್ಚಿಯನ್ನು ಒಮ್ಮೆ ನೋಡಿದ. ಎಣ್ಣೆಯ ಮಟ್ಟ ನೋಡಲು ಹೊರಟು ಬಾಗಿಲಲ್ಲೇ ನಿಂತುಬಿಟ್ಟಿದ್ದ ಒಬ್ಬ ಮುದಿ ಕೆಲಸದವನನ್ನು ನೋಡಿದ. ಕರೆಂಟು ನಿಲ್ಲಿಸಿದ.

ಈ ಸಲ ಮೇಲೆ ಮೇಲೆ ನೋಡಿ ಬಿಡಲಿಲ್ಲ. ಕಾಗದವನ್ನು ಪದರ ಪದರವಾಗಿ ಬಿಚ್ಚಿಸಿದ. ಒಳಗೆ, ಬಹಳ ಒಳಗೆ, ಒಣಗಿದ ಗಿಡದ ಕೊಂಬೆಯಂತೆ ಕವಲೊಡೆದ, ಕಿಡಿ ಸುಟ್ಟ ಒಂದು ಕಪ್ಪು ಗೆರೆ. ಅದು ದಾಟಲು ಉಳಿದಿದ್ದದ್ದು ಒಂದೇ ಪದರ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಹಾಲಪ್ಪನ ಮುಖ ಅರಳಿತು. "ಹಾಗಾದರೆ ಊರು ಆಡಿದ್ದೆಲ್ಲ ವೆಲ್ಡಿಂಗ್ ಅಂಗಡಿ, ಅಪ್ಪಾರೇ. ಹೆಂಡತಿ ಮಾತು, ನೀರಿನ ಹೊಲ, ಎರಡೂ ಬೀದಿ ಸದ್ದು. ನನ್ನ ಮನಸ್ಸು ಹಗುರಾಯಿತು."

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ಹಾಲಪ್ಪ, ಊರು ಇನ್ನೂ ಆಡದ ಯಾವ ಮಾತು ನಿನ್ನೊಳಗೆ ಕೇಳಿಸುತ್ತಿದೆ?"



ಇಷ್ಟು ಕೊಟ್ರಯ್ಯನವರು ಹೇಳಿದ್ದು. ಓದಿದವರು ಇದನ್ನು ಇನ್ನೊಬ್ಬರ ಕಿವಿಗೆ ಹಾಕಿ. ಹಾಕುವಾಗ ಗುರುಗಳ ಪ್ರಶ್ನೆಯನ್ನು ಬಿಡಬೇಡಿ, ಕೇಳಿಸಿಕೊಂಡವರಿಂದ ಉತ್ತರವನ್ನು ಕೇಳಬೇಡಿ.