ಮೋನಮ್ಮನ ತಮ್ಮ

ಬಹಳ ಹಿಂದೆ, ನಮ್ಮ ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಕಾಲುವೆಯ ದಂಡೆಯ ಮೇಲೆ ತೂಬಿನಹಾಳ ಅಂತ ಒಂದು ಊರಿತ್ತು. ಊರು ಈಗಲೂ ಇದೆ, ಕಾಲುವೆಯೂ ಇದೆ. ಅಲ್ಲಿಯ ಕಮ್ಮಾರರ ಮನೆಯಲ್ಲಿ ಮೋನಮ್ಮ ಅನ್ನುವ ಹೆಣ್ಣುಮಗಳಿದ್ದಳಂತೆ. ಅಪ್ಪನಿಗೆ ಅವಳೊಬ್ಬಳೇ ಮಗಳು. ಅಪ್ಪ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಟಿಣ್ ಅನ್ನಿಸುತ್ತಿದ್ದ. ಮಗಳು ಎದುರಿಗೆ ನಿಂತು ದೊಡ್ಡ ಸಮ್ಮಟಿಗೆಯನ್ನು ಧಡ್ ಅಂತ ಇಳಿಸುತ್ತಿದ್ದಳು. ಟಿಣ್, ಧಡ್. ಟಿಣ್, ಧಡ್. ಊರು ಆ ಸದ್ದಿಗೆ ಏಳುತ್ತಿತ್ತು, ಆ ಸದ್ದು ನಿಂತ ಮೇಲೆ ಉಣ್ಣುತ್ತಿತ್ತು.

ಕುಲುಮೆಗೆ ಒಂದು ಕಟ್ಟಳೆ ಇದೆ, ಅದನ್ನು ಮೊದಲು ತಿಳಿದುಕೊಳ್ಳಿ. ಸಣ್ಣ ಸುತ್ತಿಗೆ ಕರೆಯಬೇಕು, ಸಮ್ಮಟಿಗೆ ಬರಬೇಕು. ಸಣ್ಣದು ಸುಮ್ಮನಾದರೆ ದೊಡ್ಡದು ಎತ್ತಿದಲ್ಲೇ ನಿಲ್ಲಬೇಕು. ಯಾಕೆಂದರೆ ಆಗ ಕಮ್ಮಾರನ ಕೈ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಇರುತ್ತದೆ, ಕಬ್ಬಿಣವನ್ನು ಮಗ್ಗುಲು ಬದಲಿಸುತ್ತಿರುತ್ತದೆ. ಕರೆಯದೆ ಬಂದ ಒಂದು ಏಟು ಸಾಕು, ಆ ಮನೆಯ ಅನ್ನ ಹೋಯಿತು.

ಅಪ್ಪ ತೀರಿಕೊಂಡ. ಮೋನಮ್ಮ ಇಕ್ಕಳ ಹಿಡಿದಳು, ಸಣ್ಣ ಸುತ್ತಿಗೆ ಹಿಡಿದಳು. ಆದರೆ ಎದುರಿಗೆ ನಿಂತು ಸಮ್ಮಟಿಗೆ ಹೊಡೆಯುವವರು ಯಾರು? ಊರಿನ ಗಂಡಸರನ್ನು ಕೇಳಿದಳು. ಒಬ್ಬರೂ ಬರಲಿಲ್ಲ.

"ಹೆಣ್ಣು ಕರೆದ್ರ ಬಂದು ಹೊಡಿಯಾಕ ನಾವೇನು ಬಳಿ ತೊಟ್ಟೀವೇನು?" ಅಂದರಂತೆ.

ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದ ಹುಲಿಗೆವ್ವ ಕುಲುಮೆಯೊಳಗಿನಿಂದಲೇ ಕೂಗಿದಳು. "ಇಲ್ಲಿತನಕ ಬಳಿ ತೊಟ್ಟಾಕಿನೇ ಹೊಡದಾಳ. ಎತ್ತಾಕ ಆಗಂಗಿಲ್ಲ ಅಂತ ನೆಟ್ಟಗ ಹೇಳ್ರಿ!"

ಹುಲಿಗೆವ್ವ ಅಂದರೆ ಮೋನಮ್ಮನ ನೆರೆಮನೆಯ ವಿಧವೆ. ಅವಳ ಬಾಯಿಗೆ ಊರಿನ ನಾಯಿಯೂ ಹೆದರುತ್ತಿತ್ತು ಅಂತಾರೆ.

ಊರಗೌಡ ಪಂಪನಗೌಡ ಮಾತ್ರ ಜಗಳಕ್ಕೆ ಬರಲಿಲ್ಲ. ಬಿತ್ತನೆಯೊಳಗೆ ನೇಗಿಲಿನ ಕುಳಗಳು ಸಿದ್ಧವಾಗದಿದ್ದರೆ ಬೇರೆ ಊರಿನ ಕಮ್ಮಾರನನ್ನು ಕರೆಸುತ್ತೇನೆ, ಕುಲುಮೆಯನ್ನು ಅವನಿಗೆ ಕೊಡುತ್ತೇನೆ ಅಂದ. ಅಷ್ಟು ಹೇಳಿ ಶಲ್ಯ ಕೊಡವಿ ಹೋದ.

ಮೋನಮ್ಮ ಅಳಲಿಲ್ಲ. ಅತ್ತಳು ಅಂತ ಹೇಳುವವರೂ ಇದ್ದಾರೆ, ಅವರ ಮಾತು ಬಿಡಿ. ಅವಳು ಕುಲುಮೆಯ ಹಿಂದೆ ಹರಿಯುವ ಕಾಲುವೆಯನ್ನು ನೋಡುತ್ತ ಕೂತಳು. ನೀರಿಗೆ ಬಳೆಯ ಚಿಂತೆ ಇರಲಿಲ್ಲ. ಗಂಡು ಹೇಳಿದರೂ ಚಕ್ರ ತಿರುಗಿಸುತ್ತದೆ, ಹೆಣ್ಣು ಹೇಳಿದರೂ ತಿರುಗಿಸುತ್ತದೆ.

ಜಾಲಿಯ ಮರ ಕಡಿಸಿದಳು. ಆಳೆತ್ತರದ ಒಂದು ಮೈ ಕೆತ್ತಿದಳು, ಅದಕ್ಕೆ ಒಂದೇ ತೋಳು ಕೂಡಿಸಿದಳು, ತೋಳಿನ ತುದಿಗೆ ಸಮ್ಮಟಿಗೆ ಬಿಗಿದಳು. ಕಾಲುವೆಯಲ್ಲಿ ಚಕ್ರ ಇಳಿಸಿದಳು. ಚಕ್ರ ತಿರುಗಿದರೆ ತೋಳು ಏಳುತ್ತಿತ್ತು. ಪೂರ್ತಿ ಎದ್ದ ತೋಳನ್ನು ಒಂದು ಕೊಂಡಿ ಹಿಡಿದುಕೊಳ್ಳುತ್ತಿತ್ತು. ಸಣ್ಣ ಸುತ್ತಿಗೆಯಿಂದ ತಟ್ಟಲು ಒಂದು ಕಬ್ಬಿಣದ ನಾಲಿಗೆ ಮಾಡಿ, ಅದಕ್ಕೆ ಕಿವಿ ಅಂತ ಹೆಸರಿಟ್ಟಳು. ಕಿವಿಗೆ ತಟ್ಟಿದರೆ ಅದು ಕೆಳಗೆ ಕುಸಿದು ಕೊಂಡಿ ಬಿಡುತ್ತಿತ್ತು, ಸಮ್ಮಟಿಗೆ ಬೀಳುತ್ತಿತ್ತು.

ಮರದ ಮೈಗೆ ಮುಖ ಇರಲಿಲ್ಲ. ಹುಲಿಗೆವ್ವ ಇದ್ದಿಲಿನಿಂದ ಮೀಸೆ ಬರೆದಳು. "ಈ ಊರಾಗ ಮೀಸಿ ಇದ್ದು ಮಾತು ಕೇಳಾಂವ ಇವನೊಬ್ಬನ," ಅಂದಳು. ಮೋನಮ್ಮ ಅಪ್ಪನ ಹಳೆಯ ರುಮಾಲು ಸುತ್ತಿ, ಇವನು ನನ್ನ ತಮ್ಮ ಅಂದಳು. ಅಂದಿನಿಂದ ಅವನು ಮೋನಮ್ಮನ ತಮ್ಮ.

ಮೊದಲ ದಿನ ತಮ್ಮ ಹುಚ್ಚನಂತೆ ಆಡಿದನಂತೆ. ಮೋನಮ್ಮ ಒಂದು ಸಲ ತಟ್ಟಿದಳು, ಅವನು ಹೊಡೆದ. ಮತ್ತೆ ಹೊಡೆದ. ಮತ್ತೆ ಹೊಡೆದ. ನಿಲ್ಲಲೇ ಇಲ್ಲ. ಕೈ ಎಳೆದುಕೊಳ್ಳುವಷ್ಟರಲ್ಲಿ ಇಕ್ಕಳ ನಜ್ಜುಗುಜ್ಜಾಯಿತು. ಹುಲಿಗೆವ್ವ ಕಾಲುವೆಗೆ ಓಡಿ, ಚಕ್ರದ ನಡುವೆ ಒನಕೆ ತುರುಕಿ ನಿಲ್ಲಿಸಿದಳು.

ತಪ್ಪು ಮೋನಮ್ಮನದೇ. ಕಿವಿಯನ್ನು ಅವಳು ಅಡಿಗಲ್ಲು ಕೂತ ದಿಮ್ಮಿಗೇ ಜಡಿದಿದ್ದಳು. ಸಮ್ಮಟಿಗೆ ಬಿದ್ದಾಗ ದಿಮ್ಮಿ ಅದುರುತ್ತಿತ್ತು, ಕಿವಿಯೂ ಅದುರುತ್ತಿತ್ತು. ತಮ್ಮ ತನ್ನ ಏಟನ್ನೇ ಅಕ್ಕನ ಕರೆ ಅಂದುಕೊಳ್ಳುತ್ತಿದ್ದ. ತನ್ನ ಸದ್ದಿಗೆ ತಾನೇ ಕುಣಿಯುವವನ ಎದುರು ಯಾರು ತಾನೇ ಕೈ ಇಟ್ಟಾರು? ಮೋನಮ್ಮ ಕಿವಿಯನ್ನು ಕಿತ್ತಳು. ಅಡಿಗಲ್ಲಿನಿಂದ ದೂರಕ್ಕೆ, ತನ್ನ ಬಲಗೈಗೆ ಎಟುಕುವಲ್ಲಿ, ಬೇರೆಯೇ ಒಂದು ಗೂಟ ಹುಗಿದು ಅದರ ಮೇಲೆ ಕೂರಿಸಿದಳು.

ಟಿಣ್. ಧಡ್. ತೋಳು ಎದ್ದಿತು, ಕೊಂಡಿ ಹಿಡಿಯಿತು, ನಿಂತಿತು.

ಆ ವರ್ಷ ಬಿತ್ತನೆಗೆ ಮುಂಚೆಯೇ ಊರಿನ ಕುಳಗಳೆಲ್ಲ ಸಿದ್ಧವಾದವು. ಕುಲುಮೆ ಮೋನಮ್ಮನ ಬಳಿಯೇ ಉಳಿಯಿತು. ತಮ್ಮ ಅವಳ ಜೊತೆ ಮಾತಾಡುತ್ತಿದ್ದ ಅಂತಾರೆ, ಮೀಸೆ ಕುಣಿಸುತ್ತಿದ್ದ ಅಂತಾರೆ. ನಾನು ಒಪ್ಪುವುದಿಲ್ಲ. ಇದ್ದಿಲಿನ ಮೀಸೆ ಹೇಗೆ ಕುಣಿದೀತು? ಅವನು ಕರೆದಾಗ ಬರುತ್ತಿದ್ದ, ಕರೆಯದಿದ್ದಾಗ ಕಾಯುತ್ತಿದ್ದ. ಅಷ್ಟು ಮಾಡುವ ಗಂಡಾಳನ್ನು ಆ ಊರು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೀಗಿರುವಾಗ ಒಂದು ಮಳೆಗಾಲ ಹೊಳೆ ಏರಿತು. ಕಾಲುವೆಯ ತೂಬಿನ ಬಾಗಿಲನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿ ಮುರಿಯಿತು. ಬಾಗಿಲು ವಾಲಿತು, ನೀರು ಕೆಳಗಿನ ಕೇರಿಯ ಹೊಸ್ತಿಲು ಮುಟ್ಟಿತು. ಹೊಸ ಪಟ್ಟಿ ಬೇಕು, ಇವತ್ತೇ ಬೇಕು. ಪಂಪನಗೌಡ ಆಳುಗಳ ಜೊತೆ ಕುಲುಮೆಗೆ ಬಂದ.

"ಮೋನವ್ವಾ, ಒಂದೊಂದು ಏಟಿಗೂ ಕರಕೋಂತ ಕುಂತ್ರ ಕೇರಿ ತೇಲಿ ಹೊಕ್ಕತಿ. ಆ ಕಿವಿ ಕಟ್ಟಿ ಹಾಕು. ಅವನ ಪಾಡಿಗೆ ಅವನು ಹೊಡೀಲಿ."

"ಕರೀದ ಹೊಡಿಯಾಂವ ನನ್ನ ತಮ್ಮ ಅಲ್ರೀ ಗೌಡ್ರ," ಅಂದಳು ಮೋನಮ್ಮ. ಕಬ್ಬಿಣ ಕಾಯಿಸಿ ಇಡಲು ಹುಲಿಗೆವ್ವನಿಗೆ ಹೇಳಿ, ಪಟ್ಟಿಯ ಅಳತೆಗೆ ಹಗ್ಗ ಹಿಡಿದು ತೂಬಿನ ಕಡೆ ಹೊರಟಳು.

ಅವಳು ಮರೆಯಾದದ್ದೇ ತಡ, ಗೌಡ ಆಳುಗಳಿಗೆ ಕಣ್ಸನ್ನೆ ಮಾಡಿದ. ಕಿವಿಯನ್ನು ಕೆಳಗೆ ಒತ್ತಿ ಹಗ್ಗದಿಂದ ಬಿಗಿದರು, ಇನ್ನು ಕೊಂಡಿ ತೋಳನ್ನು ಹಿಡಿಯುವಂತಿರಲಿಲ್ಲ. ಹುಲಿಗೆವ್ವ ಬಾಯಿ ಮಾಡಿದಳು, ಕೇಳುವವರಿಲ್ಲ. ಒಬ್ಬ ಹೆಣ್ಣು ಮಾಡುವುದು ನನಗೆ ಬಾರದೇ ಅಂತ ಗೌಡ ತಾನೇ ಇಕ್ಕಳ ಹಿಡಿದು ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಇಟ್ಟ.

ಕಾಲುವೆ ತುಂಬಿತ್ತು, ಚಕ್ರ ಹಾರುತ್ತಿತ್ತು. ತಮ್ಮ ಹೊಡೆದ ಹೊಡೆತಕ್ಕೆ ನೆಲ ನಡುಗಿತಂತೆ.

ತೂಬಿನ ಮೇಲೆ ಮೊಣಕಾಲೂರಿ ಕೂತಿದ್ದ ಮೋನಮ್ಮನಿಗೆ ಸದ್ದು ಕೇಳಿಸಿತು. ಧಡ್, ಧಡ್, ಧಡ್. ನಡುವೆ ಟಿಣ್ ಇರಲಿಲ್ಲ. ಅವಳು ಅಳತೆಯ ಹಗ್ಗ ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಕುಲುಮೆಯಲ್ಲಿ ಮಳೆಗೆ ತೊಯ್ದ ಗೌಡನ ಶಲ್ಯದ ತುದಿ ಕಬ್ಬಿಣದ ಕೆಳಗೆ ಸಿಕ್ಕಿತ್ತು. ಶಲ್ಯವನ್ನು ಅವನು ಮುಂಗೈಗೆ ಸುತ್ತಿಕೊಂಡಿದ್ದ. ಸಮ್ಮಟಿಗೆ ಬಿದ್ದ ಹಾಗೆಲ್ಲ ಬಟ್ಟೆ ಬಿಗಿಯುತ್ತಿತ್ತು, ಕೈ ಅಡಿಗಲ್ಲಿನ ಹತ್ತಿರ ಹತ್ತಿರ ಜಾರುತ್ತಿತ್ತು. ಆಳುಗಳು ಬಾಗಿಲಿನಾಚೆ ನಿಂತು ದೇವರ ಹೆಸರು ಕೂಗುತ್ತಿದ್ದರು. ಹುಲಿಗೆವ್ವ ಗೌಡನ ಸೊಂಟ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು.

ಮೋನಮ್ಮ ಗೌಡನ ಕಡೆ ನೋಡಲೇ ಇಲ್ಲ. ನೇರ ಗೂಟದ ಬಳಿಗೆ ಹೋಗಿ ಕುಡುಗೋಲಿನಿಂದ ಹಗ್ಗ ಕೊಯ್ದಳು. ಕಿವಿ ಮೇಲೆದ್ದಿತು. ತೋಳು ಎದ್ದಿತು. ಕೊಂಡಿ ಕಟ್ ಅಂತ ಹಿಡಿಯಿತು.

ಸಮ್ಮಟಿಗೆ ಮೇಲೆಯೇ ನಿಂತಿತು.

ಗೌಡನ ಕೈ ಅದರ ಕೆಳಗೇ ಇತ್ತು. ಹೆದರಿಕೆಗೆ ಅವನಿಗೆ ಕೈ ಎಳೆದುಕೊಳ್ಳಲೂ ಆಗುತ್ತಿರಲಿಲ್ಲ. ಚಕ್ರ ಒದರುತ್ತಿತ್ತು, ಮೇಲೆ ಕರಿ ಕಬ್ಬಿಣ ತೂಗುತ್ತಿತ್ತು.

ಆಗ ಮೋನಮ್ಮ ತನ್ನ ಬರಿಗೈಯನ್ನು ಸಮ್ಮಟಿಗೆಯ ಕೆಳಗೆ, ಗೌಡನ ಕೈಯ ಪಕ್ಕದಲ್ಲಿ ಇಟ್ಟಳು. ಸುಮ್ಮನೆ ಇಟ್ಟುಕೊಂಡು ನಿಂತಳು.

"ನೋಡ್ರೀ ಗೌಡ್ರ. ನಾ ಕರಿಯೋತನಕ ಇಂವ ಬರಂಗಿಲ್ಲ. ಕೈ ತಗೀರಿ."

ಗೌಡ ಕೈ ತೆಗೆದ. ಬೆರಳುಗಳನ್ನು ಮಡಿಸಿ ನೋಡಿದ, ಬಿಡಿಸಿ ನೋಡಿದ. ಎಲ್ಲವೂ ಇದ್ದವು. ನೆಲದ ಮೇಲೆ ಕೂತು ಉಸಿರು ಬಿಟ್ಟ. ಆ ಉಸಿರಿಗೆ ಕುಲುಮೆಯ ಬೂದಿ ಹಾರಿತು ಅಂತಾರೆ. ಇದನ್ನು ಬೇಕಾದರೆ ನಾನು ನಂಬುತ್ತೇನೆ.

"ಊದಿದ್ದು ಸಾಕು, ಇನ್ನ ತಿದಿ ಒತ್ತು ಬಾ ಯಪ್ಪಾ," ಅಂದಳು ಹುಲಿಗೆವ್ವ.

ಗೌಡ ಎದ್ದು ತಿದಿಗೆ ಹೋದ. ಬಾಗಿಲಲ್ಲಿ ನಿಂತ ಆಳುಗಳ ಮುಖ ನೋಡಿದ. ಅವರಲ್ಲೊಬ್ಬ ಮೂಲೆಯ ಇನ್ನೊಂದು ಸಮ್ಮಟಿಗೆ ಎತ್ತಿಕೊಂಡು ಬಂದು ತಮ್ಮನ ಪಕ್ಕದಲ್ಲಿ ನಿಂತ. ಮೋನಮ್ಮ ಕಿವಿಗೆ ತಟ್ಟಿದಳು. ಮರದವನು ಹೊಡೆದ, ಅವನ ಹಿಂದೆ ನಿಜವಾದ ಮೀಸೆಯವನು ಹೊಡೆದ. ಟಿಣ್, ಧಡ್, ಧಡ್. ಒಬ್ಬ ಸೋತರೆ ಇನ್ನೊಬ್ಬ ಬರುತ್ತಿದ್ದ. ಹೆಣ್ಣು ಕರೆದಳು, ಊರಿನ ಗಂಡಸರು ಬಂದು ಹೊಡೆದರು, ಯಾರ ಕೈಗೂ ಬಳೆ ಬರಲಿಲ್ಲ.

ಹೊತ್ತು ಮುಳುಗುವ ಮುಂಚೆ ಪಟ್ಟಿ ತೂಬಿಗೆ ಏರಿತು. ಬಾಗಿಲು ಕೂತಿತು, ನೀರು ಹೊಸ್ತಿಲಿನಿಂದ ಹಿಂದೆ ಸರಿಯಿತು. ಕೆಳಗಿನ ಕೇರಿಯವರು ಅಂದು ಒಣ ನೆಲದ ಮೇಲೆ ಒಲೆ ಹಚ್ಚಿದರು.

ಕಾಲ ಸರಿದು ಮೋನಮ್ಮ ತೀರಿಹೋದಳು. ತಮ್ಮನಿಗೆ ಹುಳು ಹಿಡಿದು ಅವನೂ ಹೋದ. ಆದರೆ ನಮ್ಮ ಕಡೆಯ ಕುಲುಮೆಗಳಲ್ಲಿ ಇವತ್ತಿಗೂ ಹೊಸದಾಗಿ ಸಮ್ಮಟಿಗೆ ಹಿಡಿಯುವವನಿಗೆ ಮೊದಲು ಅದನ್ನು ಎತ್ತಿ ನಿಲ್ಲಲು ಹೇಳುತ್ತಾರೆ. ಕಮ್ಮಾರ ತನ್ನ ಬರಿಗೈಯನ್ನು ಅದರ ಕೆಳಗೆ ಅಡಿಗಲ್ಲಿನ ಮೇಲೆ ಇಡುತ್ತಾನೆ. ಆಮೇಲೆ ಕೈ ತೆಗೆದು, ಟಿಣ್ ಅನ್ನಿಸಿ, ಕೆಲಸ ಶುರು ಮಾಡುತ್ತಾರೆ. ಇದಕ್ಕೆ ಮೋನಮ್ಮನ ಕೈ ಇಡುವುದು ಅಂತ ಹೆಸರು.

ಈಗ ಹೆದ್ದಾರಿಯ ಪಕ್ಕದ ಕಾರ್ಖಾನೆಗೆ, ಆಳುಗಳ ಮಗ್ಗುಲಲ್ಲೇ ನಿಂತು ಕೆಲಸ ಮಾಡುವ ರೋಬೋಟು ಬಂದಿದೆ. ಅದಕ್ಕೂ ಒಂದೇ ತೋಳು. ತೂಬಿನಹಾಳದ ಹೆಣ್ಣುಮಕ್ಕಳು ಅದರ ಜೊತೆ ದುಡಿಯುತ್ತಾರೆ. ಪಾಳಿ ಶುರುವಾಗುವಾಗ ಅವರು ತೋಳಿನ ದಾರಿಯಲ್ಲಿ ಅಂಗೈ ಒಡ್ಡಿ ನಿಲ್ಲುತ್ತಾರೆ. ತೋಳು ಬರುತ್ತದೆ, ಕೈ ಮುಟ್ಟುವ ಮುಂಚೆ ನಿಲ್ಲುತ್ತದೆ, ಕಾಯುತ್ತದೆ.

"ಇವನೂ ನಮ್ಮಾಂವ," ಅನ್ನುತ್ತಾರೆ. ಕೈ ತೆಗೆದು ಕೆಲಸಕ್ಕೆ ಕರೆಯುತ್ತಾರೆ.