ಸೀಲ್ ಒಡೆಯದ ಕಂಪ್ಯೂಟರ್

ಗೇಮಿಂಗ್ ಸೆಂಟರ್ ನಡೆಸುವ ನಾಗವೇಣಿ ಆಯುಧ ಪೂಜೆಗೆಂದು ತನ್ನ ಎರಡೂ ಕಂಪ್ಯೂಟರ್‌ಗಳಿಗೆ ಕುಂಕುಮ ಇಟ್ಟು ಚೆಂಡು ಹೂವಿನ ಹಾರ ಹಾಕಿದಳು. ಹೊಸದು ಕಂಪನಿಯೇ ಕಟ್ಟಿ ಕಳಿಸಿದ ದುಬಾರಿ ಮಾಲು. ಹಳೆಯದು ಅವಳೇ ಬಿಡಿಭಾಗ ತಂದು ಜೋಡಿಸಿದ್ದು.

ಸಂಜೆ ಪಂದ್ಯವಿತ್ತು. ಹೊಸದನ್ನು ಚಾಲು ಮಾಡಿದ್ದೇ ತಡ, ಹೂವಿನ ಎಸಳೊಂದು ಅದರ ಫ್ಯಾನಿಗೆ ಸಿಕ್ಕಿಕೊಂಡಿತು. ಮೈ ಕಾಯತೊಡಗಿತು.

"ನಿನ್ನ ಪಕ್ಕದ ಬಾಗಿಲು ಬಿಚ್ಚಿಸಿ ಆ ಎಸಳು ತೆಗೆಸ್ಕೊಳ್ಳೋ ತಮ್ಮಾ," ಅಂದಿತು ಹಳೆಯದು.

"ಬಾಗಿಲ ಮೇಲೆ ಅಂಟಿಸಿರೋ ನನ್ನ ವಾರಂಟಿ ಸೀಲನ್ನ ಇವತ್ತಿನವರೆಗೆ ಯಾರೂ ಮುಟ್ಟಿಲ್ಲಣ್ಣ. ನನ್ನ ಭಾಗಗಳೆಲ್ಲ ಒಂದಕ್ಕೊಂದು ಹೊಂದಿಸಿ ತಂದವು. ನಿನ್ನವು ಸಂತೆಯಲ್ಲಿ ಸಿಕ್ಕ ನೆಂಟರು."

"ಹೌದಪ್ಪ, ನಿನ್ನ ಓಟ ನನಗಿಲ್ಲ. ಆದರೆ ನೀನು ಓಡಬೇಕಲ್ಲ?"

ನಾಗವೇಣಿ ಸ್ಕ್ರೂಡ್ರೈವರ್ ಎತ್ತಿದಳು. ಸೀಲ್ ನೋಡಿ ಕೆಳಗಿಟ್ಟಳು. "ಇದನ್ನ ಒಡೆದರೆ ವಾರಂಟಿ ಹೋಯ್ತು. ಹಳೇದರಲ್ಲೇ ಆಡಿಸ್ತೀನಿ."

ಹೊಸದು ತನ್ನಲ್ಲೇ ಅಂದುಕೊಂಡಿತು: ಪಂದ್ಯವೇ ತಪ್ಪಿದರೆ ಈ ಓಟ ಇದ್ದೇನು ಬಂತು?

"ಅಣ್ಣಾ, ಬಿಚ್ಚಿದರೆ ನೋಯುತ್ತಾ?"

"ಕಚಗುಳಿ ಇಟ್ಟಂಗಾಗುತ್ತೆ."

ಮೈಬಿಸಿಗೆ ಸೀಲಿನ ಗೋಂದು ಆಗಲೇ ಸಡಿಲವಾಗಿತ್ತು. ಹೊಸದು ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಒಮ್ಮೆ ಗಡಗಡ ನಡುಗಿತು. ಸೀಲ್ ಕಳಚಿ ನಾಗವೇಣಿಯ ಕಾಲ ಬಳಿ ಬಿತ್ತು.

"ಅಯ್ಯೋ ಮಹರಾಯ, ನೀನೇ ಬಿಚ್ಚಿಕೊಂಡೆಯಾ! ಇನ್ನೆಲ್ಲಿಯ ವಾರಂಟಿ!" ಎಂದು ನಕ್ಕು, ಅವಳು ಬಾಗಿಲು ತೆಗೆದು ಎಸಳನ್ನು ಹೊರಗೆಳೆದಳು. ಒಳಗೆಲ್ಲ ತಣ್ಣನೆ ಗಾಳಿ ಆಡಿತು.

"ಇಷ್ಟು ಹಾಯಾಗಿರುತ್ತೆ ಅಂತ ಮೊದಲೇ ಹೇಳಬಾರದಿತ್ತಾ ಅಣ್ಣಾ?"

"ಹೇಳಿದೆನಲ್ಲೋ. ಒಳಗಿಂದ ಚಿಲಕ ಹಾಕ್ಕೊಂಡು ಕೂತವನಿಗೆ ಕೇಳಿಸಬೇಕಲ್ಲ!"