ಹೆಪ್ಪಿನಬಂಡೆ

ಕಣಿವೆಹಟ್ಟಿಯ ಪಡುವಣಕ್ಕೆ ಬೋಳುಬಂಡೆಯೊಂದು ಮಲಗಿದ ಎಮ್ಮೆಯಂತೆ ಬಿದ್ದುಕೊಂಡಿದೆ. ಅದರ ನೆತ್ತಿಯಲ್ಲಿ ಬೋಗುಣಿಯಷ್ಟು ಅಗಲದ ಕುಳಿ. ಪಕ್ಕದಲ್ಲೇ ಒಬ್ಬರು ಕಾಲು ಮಡಚಿ ಮಲಗಬಹುದಾದ ಗವಿ. ಗುಡಿಯಿಲ್ಲ, ಮೂರ್ತಿಯಿಲ್ಲ. ಆದರೂ ಈ ಊರಿಗೆ ಬಂದ ಸೊಸೆಯರು ಮೊದಲ ಸಲ ಹಾಲಿಗೆ ಹೆಪ್ಪು ಹಾಕುವ ಮುನ್ನ ಇಲ್ಲಿಗೆ ಹತ್ತಿ ಬರುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಊರಗೌಡನ ಮನೆಗೆ ಚೆನ್ನಾಜಿಯೆಂಬವಳು ಸೊಸೆಯಾಗಿ ಬಂದಳು ಎನ್ನುತ್ತಾರೆ. ಕಡುಬೇಸಿಗೆಯಲ್ಲಿ ದನಗಳ ಕೆಚ್ಚಲು ಬತ್ತಿ ಮನೆಮನೆಯ ಹೆಪ್ಪು ತೀರುತ್ತಿತ್ತು. ಹಿಂಡು ದನವಿದ್ದ ಗೌಡರ ಮನೆಯಲ್ಲಿ ಮಾತ್ರ ಉಳಿಯುತ್ತಿತ್ತು. ಮಳೆ ಬಿದ್ದು ಹಸುಗಳು ಈದಾಗ ಊರ ಹೆಂಗಸರು ಬಟ್ಟಲು ಹಿಡಿದು ಅಲ್ಲಿಗೆ ಬರುವುದು ರೂಢಿ. ಬಂದವರು ಚೆನ್ನಾಜಿಯನ್ನು ದಾಟಿ ಅತ್ತೆ ಬೊಮ್ಮವ್ವನ ಮುಂದೆ ಕೂರುತ್ತಿದ್ದರು. "ನೀನು ಸುಮ್ಕಿರು ತಾಯಿ, ಅವ್ವನ ಕೈಯಿಂದ್ಲೇ ಆಗ್ಲಿ. ನಿನ್ ಕೈ ಮೊಸ್ರು ನೀರಾಡ್ತೈತೆ" ಎಂದು ನಗುತ್ತಿದ್ದರು. ಬೀಗದ ಕೈ ಚೆನ್ನಾಜಿಯ ಸೊಂಟಕ್ಕೆ ಬಂದಿತ್ತು. ಮರ್ಯಾದೆ ಮಾತ್ರ ಮೂಲೆಯಲ್ಲಿ ಕುಳಿತ ಮುದುಕಿಯ ಬಳಿಯೇ ಉಳಿದಿತ್ತು.

ಬೊಮ್ಮವ್ವನ ಕಣ್ಣು ಮಂಜಾದ ಮೇಲೆ ಸೊಸೆಗೆ ದಾರಿ ಸಿಕ್ಕಿತು. ಮುದುಕಿಯ ಹಾಸಿಗೆ ಕುರಿದೊಡ್ಡಿಗೆ ಹೋಯಿತು, ಊಟ ಹಳಸಿದ ಅಂಬಲಿಗೆ ಇಳಿಯಿತು. ಅಲ್ಲಿಗೂ ಯಾರೋ ಹುಡುಕಿಕೊಂಡು ಬಂದು ಕಾಲಿಗೆರಗಿದ್ದನ್ನು ಕಂಡು ಚೆನ್ನಾಜಿಗೆ ತಡೆಯಲಾಗಲಿಲ್ಲ. "ಮುದುಕಿಗೆ ಕೆಮ್ಮು, ಮನೆಮಂದಿಗೆಲ್ಲ ಹತ್ತೀತು" ಎಂದು ಗಂಡನ ಬಾಯಿ ಮುಚ್ಚಿಸಿ, ಬೇಸಿಗೆ ಮುಗಿಯುವ ಮೊದಲೇ ಅತ್ತೆಯನ್ನು ಬಂಡೆಯ ಗವಿಗೆ ಅಟ್ಟಿದಳು. ಹೊರಡುವಾಗ ಬೊಮ್ಮವ್ವ ಮೊಸರಿನ ಗಡಿಗೆಯನ್ನು ತಡವಿ, ಸೆರಗಿನ ತುದಿಯನ್ನು ಅದರಲ್ಲಿ ಅದ್ದಿಕೊಂಡಳು. ಅವಳು ಮುಟ್ಟಿದ ವಾಸನೆಯೂ ಉಳಿಯಬಾರದೆಂದು ಸೊಸೆ ಮೊಸರನ್ನು ತಿಪ್ಪೆಗೆ ಸುರಿದು, ಗಡಿಗೆಯನ್ನು ಬೂದಿಯಿಂದ ತಿಕ್ಕಿ, ಕೆಂಡದ ಮೇಲೆ ಬೋರಲು ಹಾಕಿದಳು. ಹೆಪ್ಪಿಗೇನು, ಯಾರ ಮನೆಯಲ್ಲಾದರೂ ಸಿಕ್ಕೀತು ಎಂದುಕೊಂಡಳು. ಊರೆಲ್ಲ ತನ್ನ ಮನೆಗೇ ಬರುತ್ತದೆಂಬುದನ್ನು ಹೊಟ್ಟೆಕಿಚ್ಚಿನಲ್ಲಿ ಮರೆತಳು.

ಮಳೆ ಬಂತು, ಹಸುಗಳು ಈದವು. ಬಟ್ಟಲು ಹಿಡಿದು ಬಂದವರ ಮುಂದೆ ಚೆನ್ನಾಜಿ ಮೊದಲ ಬಾರಿಗೆ ಒಬ್ಬಳೇ ಕುಳಿತಿದ್ದಳು. ಕೊಡಲು ಏನೂ ಇರಲಿಲ್ಲ. "ಬಂಡೆ ಮ್ಯಾಲೆ ಸಿಗ್ತೈತೆ, ಬರ್ರೇ" ಎಂದಳು ಕುರಿಗಾಹಿಯ ಹೆಂಡತಿ. "ನಾವು ಕೊಟ್ಟ ಕುರಿಹಾಲಿಗೆ ಅವ್ವ ಮೊಸ್ರು ಒಣಗಿದ್ದ ತನ್ನ ಸೆರಗನ್ನೇ ಅದ್ದಿ ಹೆಪ್ಪು ಮಾಡ್ಕಂಡೈತೆ." ಅಂಗಳ ಬರಿದಾಯಿತು. ಮನೆಯಲ್ಲಿ ಹಾಲು ಒಡೆಯತೊಡಗಿದಾಗ ಚೆನ್ನಾಜಿಯೂ ಬಂಡೆ ಹತ್ತಿ ಸಾಲಿನ ತುದಿಯಲ್ಲಿ ನಿಂತಳು. ಕುಳಿಯಿಂದ ಹೆಪ್ಪು ತೆಗೆದುಕೊಟ್ಟು ಒಬ್ಬೊಬ್ಬರ ತಲೆ ಸವರುತ್ತಿದ್ದ ಮುದುಕಿಯನ್ನು ಕಂಡು ಆಗಲೂ ಅವಳ ಹೊಟ್ಟೆ ಉರಿಯಿತು. ಆ ಕೈ ತನ್ನ ತಲೆಯ ಮೇಲೂ ಆಡಬೇಕೆಂದೇ ತಾನು ಇಷ್ಟು ವರ್ಷ ಬೆಂದದ್ದೆಂದು ಅವಳಿಗೆ ತಿಳಿದದ್ದು ಅಲ್ಲಿಯೇ ಎನ್ನುತ್ತಾರೆ.

"ಯಾರ ಮನೆಯವಳವ್ವ ನೀನು?" ಎಂದು ಬೊಮ್ಮವ್ವ ಬಟ್ಟಲು ತಡವಿ ಕೇಳಿದಳು. ಗೌಡರ ಮನೆಯವಳೆನ್ನಲು ಚೆನ್ನಾಜಿಗೆ ಬಾಯಿ ಬರಲಿಲ್ಲ.

"ಬೊಮ್ಮವ್ವನ ಸೊಸೆ."

ಮುದುಕಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಲ್ಲರಿಗೆ ಹಾಕಿದಷ್ಟೇ ಹಾಕಿದಳು. ತಲೆ ಸವರಲಿಲ್ಲ; ಮನೆಗೆ ಇಳಿದು ಬರಲೂ ಇಲ್ಲ.

ಇಂದಿಗೂ ಬಂಡೆ ಹತ್ತಿದ ಸೊಸೆಗೆ ಊರ ಹಿರಿಯಳೊಬ್ಬಳು ಅದೇ ಪ್ರಶ್ನೆ ಕೇಳುತ್ತಾಳೆ. ಗಂಡನ ಹೆಸರು ಹೇಳುವಂತಿಲ್ಲ, ಅತ್ತೆಯ ಹೆಸರನ್ನೇ ಹೇಳಬೇಕು. ಆಮೇಲೆ ತಲೆ ಸವರಿಸಿಕೊಳ್ಳಬೇಕು. ಗವಿಯ ಬಾಯಲ್ಲಿ ನುಣುಪಾಗಿ ಸವೆದ ಚಪ್ಪಡಿಯೊಂದಿದೆ. ಅತ್ತೆ ಬದುಕಿದ್ದ ತನಕ ಚೆನ್ನಾಜಿ ದಿನವೂ ಬಿಸಿ ಅಂಬಲಿ ತಂದಿಟ್ಟು, ತಲೆ ತಗ್ಗಿಸಿ ಕಾಯುತ್ತಿದ್ದ ಜಾಗವದು. ಅದರ ಮೇಲೆ ಯಾರೂ ಕೂರುವುದಿಲ್ಲ.